ತಟ್ಟೆ ಮರೆಯಾಗುವ ಆಳ

ಕೆರೆಯ ನೀರು ಎಷ್ಟು ತಿಳಿಯಾಗಿದೆ ಎಂದು ನೋಡುವುದು ಅಕ್ಕನ ಕೆಲಸ. ಅವರನ್ನು ಕೆರೆಯ ನಡುವಿಗೆ ಕರೆದೊಯ್ಯುವುದು ನನ್ನದು. ಇಪ್ಪತ್ತೆರಡು ವರ್ಷ ಒಂದೇ ದೋಣಿಯಲ್ಲಿ ಎದುರುಬದುರು ಕೂತಿದ್ದೇವೆ. ಹುಟ್ಟು ನನ್ನ ಕೈಯಲ್ಲಿ, ಹಗ್ಗ ಅವರ ಕೈಯಲ್ಲಿ. ಹಗ್ಗದ ತುದಿಗೆ ಕಪ್ಪು-ಬಿಳಿ ಬಣ್ಣದ ಒಂದು ತಟ್ಟೆ, ಅಡಿಗೊಂದು ಗಂಟು. ದೋಣಿಯ ನೆರಳು ಬೀಳುವ ಕಡೆ ತಟ್ಟೆಯನ್ನು ಮೆಲ್ಲಗೆ ಇಳಿಬಿಟ್ಟು, ಅದು ಕಣ್ಣಿಗೆ ಕಾಣದಾದ ಕೂಡಲೇ "ಹೋಯ್ತು" ಅನ್ನುತ್ತಾರೆ. ಮುಳುಗಿದ ಗಂಟುಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯುತ್ತಾರೆ. ನೀರು ಕೊಳೆಯಾದಷ್ಟೂ ತಟ್ಟೆ ಬೇಗ ಮರೆಯಾಗುತ್ತದೆ. ಕೆರೆಗಳನ್ನು ನೋಡಿಕೊಳ್ಳುವ ನಮ್ಮ ಕಚೇರಿಯವರೆಲ್ಲ ಅವರನ್ನು ಕರೆಯುವುದೇ ತಟ್ಟೆ ಅಕ್ಕ ಎಂದು.

ಅಕ್ಕ ಒಳ್ಳೆಯವರೇ, ಆದರೆ ಹೊಟ್ಟೆಕಿಚ್ಚಿನಲ್ಲಿ ಅವರನ್ನು ಮೀರಿಸುವವರಿಲ್ಲ. ಕಳೆದ ವರ್ಷ ಕಚೇರಿಗೆ ಉಪಗ್ರಹದ ಚಿತ್ರ ನೋಡುವ ಹುಡುಗಿ ಬಂದಳು. ಚಿತ್ರದಲ್ಲಿ ನೀರಿನ ಬಣ್ಣ ನೋಡಿ ಕೆರೆ ಎಷ್ಟು ತಿಳಿ ಎಂದು ಲೆಕ್ಕ ಹಾಕುತ್ತಾಳೆ. ಊರ ಮೇಲಿನ ಹೊಗೆ ಯಾವ ಕಡೆ ಹರಡಿದೆ ಎಂದೂ ಹೇಳುತ್ತಾಳೆ. ಕಿಟಕಿ ಪಕ್ಕದ ಮೇಜು, ತಿರುಗುವ ಕುರ್ಚಿ ಅವಳ ಪಾಲಾದವು. ಅಕ್ಕನ ಪುಸ್ತಕಗಳ ಬೀರು ಮೆಟ್ಟಿಲ ಕೆಳಗೆ ಹೋಯಿತು.

"ಕಾಲಿಗೆ ಒಂದು ಹನಿ ನೀರು ತಾಗಿಸ್ಕೊಳ್ದೆ ಕೆರೆ ನೋಡ್ತಾಳಂತೆ!" ಎಂದು ಅಕ್ಕ ದೋಣಿಯಲ್ಲಿ ದಿನವೂ ಕುದಿಯುತ್ತಿದ್ದರು. "ಅವಳ ಉಪಗ್ರಹಕ್ಕೆ ನೆಗಡಿ ಬರ್ಲಿ!"

ನಾನೂ ತಾಳ ಹಾಕುತ್ತಿದ್ದೆ. ನನಗೂ ಉರಿಯುತ್ತಿತ್ತು. ಚಿತ್ರವೇ ಸಾಕು ಎಂದಾದರೆ ದೋಣಿಗೇನು ಕೆಲಸ?

ಹುಡುಗಿಯ ಲೆಕ್ಕದಲ್ಲಿ ಕೆರೆ ತಿಳಿಯಾಗುತ್ತಿತ್ತು. ಅಕ್ಕನ ಪುಸ್ತಕದಲ್ಲಿ ಎರಡು ವರ್ಷದಿಂದ ಕದಡುತ್ತಲೇ ಇತ್ತು. ಕೊನೆಗೆ ಸಾಹೇಬರು ಹೇಳಿದರು: ಉಪಗ್ರಹ ಕೆರೆಯ ಮೇಲೆ ಹಾದುಹೋಗುವ ದಿನ, ಅದೇ ಹೊತ್ತಿಗೆ ಅಕ್ಕ ತಟ್ಟೆ ಇಳಿಸಬೇಕು, ಹುಡುಗಿಯೂ ದೋಣಿಯಲ್ಲಿರಬೇಕು. ಎರಡೂ ತಾಳೆಯಾಗದಿದ್ದರೆ ಒಂದನ್ನು ಕೈಬಿಡುವುದು. ಯಾವುದನ್ನು ಎಂದು ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಿಂದಿನ ದಿನ ತಟ್ಟೆಗೆ ಹೊಸ ಬಣ್ಣ ಬಳಿಯಲು ಅಕ್ಕನ ಮನೆಗೆ ಹೋದೆ. ಹಾಡುಹಗಲಲ್ಲಿ ಎರಡು ದೀಪ ಹಾಕಿಕೊಂಡು ಕೂತಿದ್ದರು.

"ಬಲ್ಬು ಮಂಕು ಅಂತ ಈ ತಿಂಗಳು ಮೂರು ಬದಲಾಯಿಸಿದ್ದೀನಪ್ಪ," ಎಂದು ಅವರ ಯಜಮಾನರು ನಕ್ಕರು. "ನಾಲ್ಕನೇದು ಕೇಳಿದ್ರೆ ಅಂಗಡಿಯವನು ನನ್ನ ತಲೆ ಪರೀಕ್ಷೆ ಮಾಡ್ತಾನೆ."

"ಈಗಿನ ಬಲ್ಬೇ ಹಾಗೆ," ಎಂದು ಅಕ್ಕ ಮೂಗು ಮುರಿದರು.

ನಾನು ತಲೆ ತಗ್ಗಿಸಿ, ಬಿಳಿಯ ಮೇಲೆ ಇನ್ನೊಂದು ಪದರ ಬಿಳಿ ಬಳಿದೆ.

ಮರುದಿನ ನೋಡಿದರೆ ಆ ಹುಡುಗಿಗೆ ನೀರೆಂದರೆ ಭಯ. ಲೈಫ್ ಜಾಕೆಟ್ಟಿನೊಳಗೆ ಮುದುಡಿಕೊಂಡು ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಅಕ್ಕನಿಗೆ ಖುಷಿಯೋ ಖುಷಿ. ಸ್ವಲ್ಪ ಅಲುಗಾಡಿಸು ಎಂದು ನನಗೆ ಕಣ್ಸನ್ನೆ ಬೇರೆ.

ಹತ್ತೂವರೆಗೆ ಹುಡುಗಿ ಗಡಿಯಾರ ನೋಡಿ "ಈಗ, ಮೇಡಂ" ಎಂದಳು. ಹಗ್ಗ ಇಳಿಯಿತು.

"ಹೋಯ್ತು," ಎಂದರು ಅಕ್ಕ. "ನಾಲ್ಕು ಅಡಿ. ಬರ್ಕೋ, ನಿನ್ನ ಚಿತ್ರದ ಪಕ್ಕದಲ್ಲೇ ಬರ್ಕೋ."

ಹುಡುಗಿ ಹೆದರುತ್ತಲೇ ಬಗ್ಗಿ ನೋಡಿದಳು. "ಮೇಡಂ, ನನಗಿನ್ನೂ ಕಾಣ್ತಾ ಇದೆಯಲ್ಲ."

"ನಿನಗೇನು ಗೊತ್ತು?" ಎಂದು ಗದರಿ, ಅಕ್ಕ ಗೆದ್ದವರ ಹಾಗೆ ನನ್ನ ಕಡೆ ತಿರುಗಿದರು. "ನೀನು ಹೇಳೋ. ಕಾಣುತ್ತಾ?"

ನಾನು ಹುಟ್ಟು ಹಾಕುವುದನ್ನು ನಿಲ್ಲಿಸಿದೆ. "ಕಾಣುತ್ತೆ ಅಕ್ಕ."

"ಸರಿಯಾಗಿ ನೋಡು."

"ಸರಿಯಾಗೇ ಕಾಣುತ್ತೆ."

ಅವರ ಮುಖ ಸಣ್ಣದಾಯಿತು. "ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು. ನೀವು ಹೋಯ್ತು ಅಂದ್ಮೇಲೂ ನನಗೆ ಕಾಣ್ತಾನೇ ಇರುತ್ತೆ."

"ಯಾಕೋ ಹೇಳ್ಲಿಲ್ಲ?"

ಮೊದಮೊದಲು ಅವರಿಗೆ ನೋವಾದೀತು ಎಂದು ಸುಮ್ಮನಿದ್ದೆ. ಚಿತ್ರದ ಹುಡುಗಿ ಬಂದ ಮೇಲೆ ದೋಣಿ ನಿಂತುಹೋದೀತು ಎಂದು. ಎರಡನ್ನೂ ಹೇಳದೆ ಹುಟ್ಟನ್ನು ಎತ್ತಿ ದೋಣಿಯೊಳಗಿಟ್ಟೆ.

ಅಕ್ಕ ಹಗ್ಗವನ್ನು ಹುಡುಗಿಯ ಕೈಗೆ ಕೊಟ್ಟರು. ಇಷ್ಟು ವರ್ಷದಲ್ಲಿ ನೀರಿನ ಮೇಲೆ ಒಮ್ಮೆಯೂ ಅದನ್ನು ನನ್ನ ಕೈಗೆ ಕೊಟ್ಟವರಲ್ಲ. ಏಳು ಅಡಿಗೆ ತಟ್ಟೆ ಮರೆಯಾಯಿತು. ಆಮೇಲೆ ಬಂದ ಚಿತ್ರದ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದು ಕಚೇರಿಗೆ ಮರಳಿದ ಮೇಲೆ ಅಕ್ಕ ಮೆಟ್ಟಿಲ ಕೆಳಗೆ ಕೂತು, ಎರಡು ವರ್ಷದ ಪುಟಗಳ ಮೇಲೆ ಒಂದೊಂದಾಗಿ "ನೋಡಿದವರ ಕಣ್ಣು ಸರಿಯಿರಲಿಲ್ಲ" ಎಂದು ತಮ್ಮ ಕೈಯಾರೆ ಬರೆದರು. ಹತ್ತಿರ ಹೋದೆ. ಅವರು ತಲೆ ಎತ್ತಲಿಲ್ಲ.

ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡರು. ದೋಣಿ ನಿಲ್ಲಲಿಲ್ಲ. ಚಿತ್ರ ಸರಿಯೋ ತಪ್ಪೋ ಎಂದು ನೋಡಲು ತಟ್ಟೆ ಬೇಕೇ ಬೇಕು ಎಂದು ಆ ಹುಡುಗಿಯೇ ಸಾಹೇಬರ ಹತ್ತಿರ ಹಟ ಹಿಡಿದಳು. ಈಗ ಮೂವರೂ ಹೋಗುತ್ತೇವೆ. ಅಕ್ಕ ನನ್ನ ಎದುರಿಗೆ ಕೂರುವುದಿಲ್ಲ, ಅವಳ ಪಕ್ಕ ಕೂರುತ್ತಾರೆ. "ಹೋಯ್ತು" ಅನ್ನುವ ಮೊದಲು "ನಿನಗೆ ಕಾಣುತ್ತೇನಮ್ಮಾ?" ಎಂದು ಅವಳನ್ನು ಕೇಳುತ್ತಾರೆ.

ನನ್ನ ಹೊಟ್ಟೆ ಉರಿದುಹೋಗುತ್ತದೆ. ತಟ್ಟೆ ನನಗೂ ಕಾಣುತ್ತಿರುತ್ತದೆ. ಅಕ್ಕ ನನ್ನನ್ನು ಕೇಳುವುದಿಲ್ಲ.