ದಂಡಿನವನು ಬರೆದ ಕಣ್ಣು

ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದಾಗಲೇ ನನಗೆ ಅರ್ಥವಾಗಿತ್ತು. ಕಾಡುಗೋಡಿಯ ನಮ್ಮ ಮನೆಯ ನಡುಮನೆಯಲ್ಲಿ ಮಂಚ ಹಾಕಿ ಅಮ್ಮನನ್ನು ಮಲಗಿಸಿದೆವು. ಗಂಜಿ ಬೇಡ, ಎಳನೀರು ಬೇಡ, ಅವಳದು ಒಂದೇ ಹಟ.

"ನಮ್ಮವ್ವನ ಮೊಕ ಒಂದ್ಸಲ ತೋರ್ಸೇ. ನೋಡ್ಬುಟ್ಟು ಓಯ್ತೀನಿ."

ಎಲ್ಲಿಂದ ತರಲಿ? ಅಮ್ಮನನ್ನು ಹೆತ್ತ ಐದನೇ ದಿನಕ್ಕೆ ಅಜ್ಜಿ ತೀರಿಕೊಂಡಿದ್ದಳು. ಬದುಕಿದ್ದಾಗ ಪಟ ತೆಗೆಸಿಕೊಳ್ಳುವ ಭಾಗ್ಯ ಆಗ ಯಾರಿಗಿತ್ತು? ಸತ್ತ ಮೇಲೆ ಕುರ್ಚಿಯಲ್ಲಿ ಕೂರಿಸಿ, ಹೂವು ಮುಡಿಸಿ ತೆಗೆಸುತ್ತಿದ್ದರು. ದಂಡಿನ ಕಡೆಯಿಂದ, ಅಂದರೆ ಕಂಟೋನ್ಮೆಂಟಿನಿಂದ, ಸ್ಟುಡಿಯೋದವನೊಬ್ಬ ರೈಲಿನಲ್ಲಿ ಬಂದು ಅಜ್ಜಿಯ ಪಟ ತೆಗೆದಿದ್ದನಂತೆ. ಆದರೆ ಅದು ಮನೆಗೆ ಬರಲಿಲ್ಲ. ತಾತನೇ ಬೇಡವೆಂದನಂತೆ. ಹುಟ್ಟುತ್ತಲೇ ತಾಯಿಯನ್ನು ತಿಂದುಕೊಂಡವಳು ಎಂದು ಅಪ್ಪನಿಗೆ ತನ್ನ ಮೇಲೆ ಸಿಟ್ಟು, ಅದಕ್ಕೇ ಪಟ ತರಲಿಲ್ಲ, ಸಾಯುವ ತನಕ ತನ್ನ ಮುಖವನ್ನು ನೆಟ್ಟಗೆ ನೋಡಲಿಲ್ಲ ಎಂದು ಅಮ್ಮ ಎಷ್ಟು ಸಲ ಹೇಳಿದ್ದಳೋ.

ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟೊಂದರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಸುತ್ತಲ ಹಳ್ಳಿಗಳ ಹಳೇ ಫೋಟೋ, ಕಾಗದಗಳನ್ನು ಕೂಡಿಡುತ್ತಿದ್ದಾರೆ, ಯಾವಾಗಲೋ ಮುಚ್ಚಿದ ದಂಡಿನ ಸ್ಟುಡಿಯೋದ ಪೆಟ್ಟಿಗೆಗಳೂ ಅಲ್ಲಿವೆ ಎಂದು ನಮ್ಮ ಮನೆಯಲ್ಲಿ ಬಾಡಿಗೆಗಿರುವ ಟೀಚರಮ್ಮ ಹೇಳಿದರು. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟೆ.

ಲಕೋಟೆಗಳ ಮೇಲೆ ಊರು, ಹೆಸರು ಬರೆದಿತ್ತು. ಕಾಡುಗೋಡಿಯವನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆ. ಪೇಟ ಸುತ್ತಿದ ಮದುವೆ ಗಂಡು, ಕೊಂಬಿಗೆ ಟೇಪು ಕಟ್ಟಿದ ಎತ್ತು, ರೈಲ್ವೆ ಕೂಲಿಗಳು. ಇವರೆಲ್ಲ ಯಾರಿಗೆ ಬೇಕಾಗಿತ್ತು! ಮನೆಯಿಂದ ಫೋನ್ ಬಂದುಬಿಟ್ಟರೆ ಎಂದು ಗಳಿಗೆಗೊಮ್ಮೆ ಮೊಬೈಲು ನೋಡುತ್ತಿದ್ದೆ. ಮಧ್ಯಾಹ್ನ ಕಳೆದ ಮೇಲೆ ತಾತನ ಹೆಸರಿನ ಲಕೋಟೆ ಸಿಕ್ಕಿತು. ಒಳಗೆ ಒಂದು ಪಟ, ತಾತ ಬರೆದ ಒಂದು ಕಾರ್ಡು. ಪಟದಲ್ಲಿ ಎಳೇ ಪ್ರಾಯದ ಹೆಂಗಸು, ಮಡಿಲಲ್ಲಿ ಬಟ್ಟೆ ಸುತ್ತಿದ ಕೂಸು. ತಲೆ ವಾಲದಂತೆ ಹಿಂದಿನಿಂದ ಯಾರೋ ಹಿಡಿದಿದ್ದರು. ಕಣ್ಣು ಮಾತ್ರ ಅಗಲವಾಗಿ ತೆರೆದಿತ್ತು.

"ಅವು ಬರೆದ ಕಣ್ಣು ರೀ," ಎಂದರು ಮೇಷ್ಟ್ರು. "ಪಟದಾಗ ಮುಚ್ಚಿದ ರೆಪ್ಪೆ ಮ್ಯಾಲೆ ಸ್ಟುಡಿಯೋದವರು ಬಣ್ಣದಾಗ ಬರೀತಿದ್ರು. ಅಸಲು ಹೊರಗ ಕೊಡಂಗಿಲ್ಲ. ಒಂದು ಅರ್ಜಿ ಬರೀರಿ, ಸೋಮವಾರ ಕಾಪಿ ಮಾಡಿಸಿ ಕೊಡ್ತೀನಿ."

"ನಿಮ್ಮ ಸೋಮವಾರಕ್ಕೆ ಬೆಂಕಿ ಬೀಳ! ಅಲ್ಲೀತಂಕ ನಮ್ಮಮ್ಮ ಇರಲ್ಲ ಸಾರ್," ಎಂದು ಕಿರುಚಿದೆ. ಆಮೇಲೆ ನಾಚಿಕೆಯಿಲ್ಲದೆ ಅವರ ಮುಂದೆ ಗೊಳೋ ಎಂದು ಅತ್ತೆ. ಅವರು ಲಕೋಟೆಯನ್ನು ನನ್ನ ಕೈಯಲ್ಲಿಟ್ಟು, "ಹೋಗ್ರಿ ತಾಯಿ," ಎಂದರು.

ಆಟೋ ಹೋಪ್‌ಫಾರ್ಮ್ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿತು. ಕಾರ್ಡನ್ನಾದರೂ ಅಲ್ಲೇ ಓದಬಹುದಿತ್ತು. ಓದಲಿಲ್ಲ, ಮುಂದಿನ ಬಸ್ಸನ್ನು ಬೈಯುತ್ತಾ ಕೂತೆ. ಆ ತಪ್ಪಿಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಮ್ಮ ಪಟವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿದಳು. "ಅವ್ವಾ," ಎಂದಳು. ಎಂಬತ್ತರ ಹತ್ತಿರದ ಮುದುಕಿಯ ಬಾಯಲ್ಲಿ ಆ ಮಾತು ಕೇಳಲಾಗಲಿಲ್ಲ. ಆಮೇಲೆ ಕನ್ನಡಿ ಕೇಳಿದಳು. ಒಮ್ಮೆ ಕನ್ನಡಿ, ಒಮ್ಮೆ ಪಟ.

"ಕಣ್ಣು ನನ್ನಂಗಿಲ್ವಲ್ಲೇ. ಆ ಕಾಗ್ದದಾಗೆ ಏನೈತೆ, ಓದು."

ನಾನು ದಡ್ಡಿ, ಗಟ್ಟಿಯಾಗಿ ಓದಿದೆ.

"ಸ್ವಾಮಿಗಳಿಗೆ ನಮಸ್ಕಾರ. ಮೊನ್ನೆ ನಿಮ್ಮಲ್ಲಿಗೆ ಬಂದಾಗ ಪಟ ನೋಡಿದೆ. ನೀವು ಬರೆದ ಕಣ್ಣು ನನ್ನ ಹೆಂಡತಿಯದಲ್ಲ. ಅವಳ ಕಣ್ಣು ನನ್ನ ಮಗಳಿಗೆ ಬಂದಿದೆ. ಮಗು ನನ್ನ ಕಡೆ ನೋಡಿದರೆ ಅವಳೇ ನೋಡಿದಂತಾಗಿ ಅಳು ತಡೆಯಲಾಗುವುದಿಲ್ಲ. ಮುಖ ತಿರುಗಿಸಿಕೊಳ್ಳುತ್ತೇನೆ. ಪಟ ನನಗೆ ಬೇಡ."

ಅಮ್ಮನಿಗೆ ಸಮಾಧಾನವಾಗುತ್ತದೆ ಎಂದುಕೊಂಡೆ. ಅವಳು ಪಟ ಬಿಟ್ಟು ನನ್ನ ರಟ್ಟೆ ಹಿಡಿದಳು. ಆ ಕೈಗೆ ಅಷ್ಟು ಬಲ ಎಲ್ಲಿತ್ತೋ.

"ಸ್ಟುಡಿಯೋದವ್ನಿಗೆ ಯೋಳವ್ನೆ ಕಣೇ. ನಂಗ್ಯಾಕೆ ಯೋಳ್ಲಿಲ್ಲ?"

ರಾತ್ರಿಯೂ ಕೇಳಿದಳು, ಮಾರನೆಯ ದಿನವೂ ಕೇಳಿದಳು. ಅದರ ಮರುದಿನ ದನಿ ಹೋಯಿತು. ತುಟಿ ಮಾತ್ರ ಸಂಜೆಯವರೆಗೂ ಅದನ್ನೇ ಕೇಳುತ್ತಿತ್ತು.