ಕಿಟಕಿಗೊಂದು ಬಾಗಿಲು

ಅವರ ಅಂಗಿಯ ಎದೆಭಾಗ ಜರಡಿಯಂತಿತ್ತು. ಹೊಸ ಅಂಗಿ ತೊಟ್ಟು ಬಂದರೂ ವಾರದೊಳಗೆ ವೆಲ್ಡಿಂಗ್ ಕಿಡಿ ಹಾರಿ ಸಾಸಿವೆ ಕಾಳಿನಂಥ ತೂತುಗಳು ಬೀಳುತ್ತಿದ್ದವು. ಎಡಗಣ್ಣಿನ ಹುಬ್ಬು ಎಂದೋ ಸುಟ್ಟುಹೋದದ್ದು ಪೂರ್ತಿ ಬೆಳೆದಿರಲಿಲ್ಲ. ಹಾಗಾಗಿ ಅವರು ಸುಮ್ಮನೆ ನೋಡಿದರೂ ಅರ್ಧ ಮುಖ ಸಿಟ್ಟಾದಂತೆ ಕಾಣುತ್ತಿತ್ತು. ಇನ್ನರ್ಧ ಸಿಟ್ಟಾಗಲು ಬೆಳಗಿನ ಪೇಪರು ಬಂದರೆ ಸಾಕಿತ್ತು.

ಬೈಲಹೊಂಗಲದಲ್ಲಿ ಸವದತ್ತಿ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ಗ್ರಿಲ್ ಅಂಗಡಿ. ಕಿಟಕಿಯ ಗ್ರಿಲ್ಲು, ಗೇಟು, ಮೆಟ್ಟಿಲಿನ ಕಟಕಟೆ ಮಾಡುತ್ತಿದ್ದರು. ಪಕ್ಕದ ಮಳಿಗೆ ನನ್ನದು. ನಾನು ಹೆಂಗಸರ ಬಟ್ಟೆ ಹೊಲಿಯುವವಳು. ನಾನು ಅಂಗಡಿ ಹಾಕಿದ ಹೊಸತರಲ್ಲೇ ಅವರ ಗ್ರೈಂಡರಿನ ಕಿಡಿ ಹಾರಿಬಂದು ಮದುಮಗಳೊಬ್ಬಳ ಖಣದ ಕುಬಸಕ್ಕೆ ತೂತು ಮಾಡಿತು. ಕುಬಸ ಹಿಡಿದುಕೊಂಡು ಹೋಗಿ ಅವರೆದುರು ನಿಂತೆ. ಅವರು ತೂತಿನ ಮೇಲೆ ಬೆರಳಾಡಿಸಿದರು. ತಪ್ಪಾಯಿತು ಎನ್ನಲಿಲ್ಲ.

"ಇಲ್ಲೆ ಒಂದು ಬಳ್ಳಿ ಎಳಿ ಯವ್ವಾ. ತೂತೂ ಮುಚ್ಚತೈತಿ, ಹುಡುಗಿಗೂ ಖುಷಿ ಆಗತೈತಿ," ಎಂದರು.

ಮರುದಿನ ನಾನು ಬರುವಷ್ಟರಲ್ಲಿ ಎರಡೂ ಅಂಗಡಿಗಳ ನಡುವೆ ಎತ್ತರದ ತಗಡು ನಿಂತಿತ್ತು. ನಾನು ಬಳ್ಳಿಯ ಕಸೂತಿ ಹಾಕಿಕೊಟ್ಟೆ. ಅದನ್ನು ಮದುವೆಯಲ್ಲಿ ನೋಡಿದವರು ಅಂಥದ್ದೇ ಬೇಕೆಂದು ಬಂದರು. ನನ್ನ ಅಂಗಡಿ ಕಾಲೂರಿದ್ದು ಹಾಗೆ. ಅಂದಿನಿಂದ ಅವರು ನನಗೆ ಕಾಕಾ.

ಬಸಿಯಲ್ಲಿ ಚಹಾ ಸುರುವಿಕೊಂಡು ಪೇಪರಿನ ಜೊತೆ ಜಗಳವಾಡುವುದು ಕಾಕಾನ ದಿನದ ಮೊದಲ ಕೆಲಸ. ತಗಡಿನ ಈಚೆ ಕೂತ ನನಗೆ ಎಲ್ಲವೂ ಕೇಳಿಸುತ್ತಿತ್ತು. "ನೋಡಿಲ್ಲೆ, ಮತ್ತ ಅದ ರಸ್ತೇಕ್ಕ ಪೂಜಾ ಮಾಡ್ಯಾರ. ಹ್ವಾದ ವರ್ಷಾನೂ ಮಾಡಿದ್ರು. ಅದೇನ ರಸ್ತೆನೋ, ಗದ್ದಗಿನೋ?" ನಾನು ಹೂಂ ಅನ್ನದಿದ್ದರೆ ತಗಡು ಬಡಿದು ಮತ್ತೊಮ್ಮೆ ಓದುತ್ತಿದ್ದರು.

ಓದಿ ಮುಗಿದ ಮೇಲೆ ಸೀಮೆಸುಣ್ಣದ ಖಡು ಹಿಡಿದು ನೆಲದ ಮೇಲೆ ಚಿತ್ರ ಬರೆಯಲು ಕೂರುತ್ತಿದ್ದರು. ಮಿಠಾಯಿ ಅಂಗಡಿಯವನು ಜಿಲೇಬಿ ಹಿಂಡುವುದನ್ನು ನಿಂತು ನೋಡಿ ಬಂದು ಅದೇ ಸುತ್ತನ್ನು ಕಬ್ಬಿಣದ ಪಟ್ಟಿಯಲ್ಲಿ ಬಾಗಿಸಲು ನೋಡಿದ್ದುಂಟು. "ಕ್ಯಾಟಲಾಗದಾಗ ಏನೈತಿ? ಯಾವದೋ ಊರಾಗ ಯಾರೋ ತಗದದ್ದು. ಡಿಸೈನ್ ನಮ್ಮ ಓಣ್ಯಾಗ ಬಿದ್ದಿರತೈತಿ, ಬಗ್ಗಿ ತಗೋಬೇಕು," ಎನ್ನುತ್ತಿದ್ದರು. ಬರುವ ಗಿರಾಕಿಗಳು ಮಾತ್ರ ಮೊಬೈಲು ಚಾಚುತ್ತಿದ್ದರು. ಯಾವುದೋ ದೂರದ ಬಂಗಲೆಯ ಗೇಟು, ಅದರ ಮೇಲೆರಡು ಸಿಂಹ. ನನ್ನ ಬಳಿ ಬರುವವರು ಧಾರಾವಾಹಿಯ ಸೊಸೆಯ ಬೆನ್ನು ತೋರಿಸುತ್ತಿದ್ದರು. ಇಬ್ಬರದೂ ಒಂದೇ ಗೋಳು.

ಒಮ್ಮೆ ಕಿತ್ತೂರಿನ ಕಡೆ ಗೇಟು ಕೂರಿಸಲು ಹೋದವರು ದೇಗಾಂವದ ಕಮಲನಾರಾಯಣ ಗುಡಿಯಲ್ಲಿ ಮಧ್ಯಾಹ್ನವೆಲ್ಲ ಕತ್ತೆತ್ತಿ ನಿಂತು, ಕತ್ತು ಹಿಡಿದುಕೊಂಡು ವಾಪಸಾದರು. ಅಲ್ಲಿಯ ಕಲ್ಲಿನ ಕಮಲವನ್ನು ಸರಳಿನಲ್ಲಿ ತರಲು ವಾರಗಟ್ಟಲೆ ಒದ್ದಾಡಿದರು. ಕೊನೆಗೆ ಬಂತು, ಬಹಳ ಚೆಂದ ಬಂತು. ಅಷ್ಟರಲ್ಲಿ ಚುನಾವಣೆಯೂ ಬಂತು. ಗ್ರಿಲ್ಲು ಒಯ್ಯಲು ಬಂದ ಗಿರಾಕಿ ತಲೆ ಕೆರೆದುಕೊಂಡ.

"ಕಾಕಾ, ಇದನ್ನ ಹಾಕಿದರ ನಾ ಆ ಪಾರ್ಟಿ ಅಂತಾರ್ರಿ. ನಮ್ಮ ಮಾವ ಈ ಕಡೆ ನಿಂತಾರ."

"ಇದು ಗುಡಿ ಹೂವೋ. ನಿನ್ನ ಪಾರ್ಟಿ ಹುಟ್ಟೂಕಿಂತ ಮೊದಲಿಂದು."

"ಖರೆ ಐತಿ. ಆದರ ಮಂದಿಗೆ ಯಾರ ಹೇಳಬೇಕ್ರಿ?"

ಅವನು ಹೋದ ಮೇಲೆ ಕಾಕಾ ತಗಡಿನ ಈಚೆ ಬಂದು ಕೂತರು. "ಹೂವು ಒಬ್ಬರು ಒಯ್ದರು, ಕೈ ಒಬ್ಬರು, ತೆನಿ ಒಬ್ಬರು. ಇನ್ನ ನಾ ಏನ ತಗೀಲಿ? ಬರೇ ಉದ್ದನ್ನ ಸಳಿ?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಕಮಲದ ದಳಗಳನ್ನು ಕತ್ತರಿಸಿ ತೆಗೆದು ಉದ್ದ ಸರಳು ಬೆಸೆದುಕೊಟ್ಟರು.

ಚೆಂದದ ವಿಷಯದಲ್ಲಿ ಸೋತರೂ ಗಟ್ಟಿತನದ ವಿಷಯದಲ್ಲಿ ಅವರಿಗೆ ಬಹಳ ಹೆಮ್ಮೆ. ರಾಮದುರ್ಗದಲ್ಲಿ ಹೊಳೆಗೆ ಹತ್ತಿರದ ಓಣಿಯಲ್ಲಿ ಅವರ ಅಕ್ಕನ ಮನೆ. ಆ ಮನೆಯ ಕಿಟಕಿಗಳಿಗೆ ತಾವೇ ಮುಂದೆ ನಿಂತು ದಪ್ಪ ಸರಳಿನ ಗ್ರಿಲ್ಲು ಕೂರಿಸಿದ್ದರು. "ಆನಿ ಕಟ್ಟಿ ಜಗ್ಗಿದರೂ ಅಳ್ಳಾಡೂದಿಲ್ಲ" ಎಂದು ಹೇಳಿಕೊಳ್ಳುತ್ತಿದ್ದರು.

ಮಲಪ್ರಭೆ ಉಕ್ಕಿ ರಾಮದುರ್ಗದ ಓಣಿಗಳಿಗೆ ನೀರು ನುಗ್ಗಿದಾಗ ಅಕ್ಕನ ಮಗ ಸೊಸೆ ಬೀಗರ ಊರಿಗೆ ಹೋಗಿದ್ದರು. ಮನೆಯಲ್ಲಿ ಅಕ್ಕ ಒಬ್ಬರೇ. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯಲಾಗದೆ, ಮಂಚದ ಮೇಲೆ ಹತ್ತಿ ಕಿಟಕಿಯ ಸರಳು ಹಿಡಿದು ಕೂಗಿದರು. ನೆರೆಯವರು ಹಗ್ಗ ತಂದರು, ಹಾರೆ ತಂದರು. ಗ್ರಿಲ್ಲು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಕಿಟಕಿಯ ಸುತ್ತಲಿನ ಗೋಡೆಯನ್ನೇ ಒಡೆದು ಅವರನ್ನು ಎಳೆದುಕೊಂಡರು. ಅಷ್ಟೊತ್ತಿಗೆ ನೀರು ಅವರ ಎದೆಮಟ್ಟ ಬಂದಿತ್ತು.

ಸುಧಾರಿಸಿಕೊಳ್ಳಲೆಂದು ಅಕ್ಕ ತಮ್ಮನ ಮನೆಗೆ ಬಂದರು. ನಾನು ಮಾತಾಡಿಸಲು ಹೋದೆ. ತೋಳು, ಹೆಗಲು ತರಚಿ ಕಪ್ಪಾಗಿದ್ದವು. ಆದರೂ ಆಕೆ ನಗುತ್ತ, ತಮ್ಮನನ್ನು ತೋರಿಸಿ ಹೇಳಿದರು: "ಅಷ್ಟ ಮಂದಿ ಕೂಡಿ ಜಗ್ಗಿದರೂ ಬರಲಿಲ್ಲ ನೋಡವಾ. ನನ್ನ ತಮ್ಮ ಎಂಥಾ ಗಟ್ಟಿ ಮಾಡಿದ್ದ ಅಂತೀನಿ."

ಆಕೆ ಹೊಗಳಿಕೆಯಾಗಿಯೇ ಅದನ್ನು ಹೇಳಿದ್ದು. ಕಾಕಾ ಎದ್ದು ಹಿತ್ತಲಿಗೆ ಹೋದರು. ಹೊರಡುವಾಗ ಹೇಳಿಹೋಗೋಣವೆಂದು ನಾನು ಹಿತ್ತಲಿಗೆ ಹೋದರೆ, ಅವರು ನಳದ ಕೆಳಗೆ ಕೊಡ ಇಟ್ಟು ನಿಂತಿದ್ದರು. ಕೊಡ ತುಂಬಿ ನೀರು ಪಾದದ ಮೇಲೆ ಹರಿಯುತ್ತಿದ್ದರೂ ಅವರಿಗೆ ಗೊತ್ತಾಗಿರಲಿಲ್ಲ.

ಆಮೇಲೆ ಅವರು ಬೇರೆಯೇ ಮನುಷ್ಯರಾದರು. ಯಾರೇ ಗ್ರಿಲ್ಲು ಕೇಳಿ ಬಂದರೂ ಅದರಲ್ಲಿ ಆಳೊಂದು ಹೊರಬರುವಷ್ಟು ಸಣ್ಣ ಬಾಗಿಲು ಇರಬೇಕು, ಒಳಗಡೆ ಚಿಲಕ ಇರಬೇಕು ಎಂದು ಹಟ ಹಿಡಿದರು. ಒಪ್ಪದವರಿಗೆ "ಬ್ಯಾರೆ ಅಂಗಡಿ ನೋಡ್ಕೋರಿ" ಎಂದುಬಿಡುತ್ತಿದ್ದರು. ಸಾಲದ್ದಕ್ಕೆ ತಾವು ಹಿಂದೆ ಗ್ರಿಲ್ಲು ಕೂರಿಸಿದ್ದ ಮನೆಗಳಿಗೆಲ್ಲ ಹೋಗಿ, ಪುಕ್ಕಟೆ ಬಾಗಿಲು ಮಾಡಿಕೊಡುತ್ತೇನೆಂದು ಕೇಳತೊಡಗಿದರು. ಗಂಡಸರಿಲ್ಲದ ಹೊತ್ತಿನಲ್ಲಿ ಕಟರ್ ಹಿಡಿದು ಬಂದವರನ್ನು ಯಾರು ಒಳಗೆ ಬಿಡುತ್ತಾರೆ? ಆ ಮನೆಗಳ ಹೆಂಗಸರು ನನ್ನ ಗಿರಾಕಿಗಳು. ಹೀಗೆ ನಾನೂ ಮಷಿನ್ ನಿಲ್ಲಿಸಿ ಅವರ ಹಿಂದೆ ಅಲೆಯುವಂತಾಯಿತು. ಬೈದುಕೊಂಡೇ ಹೋಗುತ್ತಿದ್ದೆ.

ಒಂದು ಮನೆಯ ಯಜಮಾನ ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿ ನಕ್ಕ. "ಕಾಕಾ, ಹೊಳಿ ಎಲ್ಲಿ, ನಾವೆಲ್ಲಿ? ಬೈಲಹೊಂಗಲಕ್ಕ ಮಹಾಪೂರ ಬರತೈತೇನ್ರಿ?"

"ಬೆಂಕಿಗೆ ಹೊಳಿ ಬೇಕೇನು?" ಕಾಕಾ ಪೇಪರು ಬಿಚ್ಚಿದರು. ಯಾವುದೋ ಊರಿನಲ್ಲಿ ಗ್ಯಾಸ್ ಹತ್ತಿ ಉರಿದ ಮನೆಯ ಸುದ್ದಿ.

"ಕಳ್ಳ ಬಂದರ ನೀವು ಹೊಣಿ ಆಗ್ತೀರೇನು?"

ಕಾಕಾ ಪೇಪರು ಮಡಚಿದರು. ಆಗ ಆ ಯಜಮಾನನ ತಾಯಿ ಒಳಗಿನಿಂದ ಸೆರಗು ಸರಿಮಾಡಿಕೊಳ್ಳುತ್ತ ಬಂದರು. "ಅಡಿಗಿಮನಿ ಕಿಟಕಿಗೆ ಮಾಡಿ ಹೋಗ್ರಿ," ಎಂದರು.

"ಯವ್ವಾ, ನಿನಗ ಗೊತ್ತಾಗೂದಿಲ್ಲ, ಸುಮ್ಮನಿರು."

"ನೀ ಹೊರಗ ಇರಾವ. ಒಳಗ ಇರಾಕಿ ನಾನು. ನನಗ ಗೊತ್ತಾಗದ ಮತ್ತ ಯಾರಿಗೆ ಗೊತ್ತಾಗತೈತಿ?"

ಅಂದು ಆ ಅಡುಗೆಮನೆಯಲ್ಲಿ ಕಿಡಿ ಹಾರಿತು. ಆ ತಾಯಿಯ ಮಾತನ್ನು ನಾನು ನನ್ನ ಗಿರಾಕಿಗಳಿಗೆಲ್ಲ ಹೇಳಿದೆ. ಅಲ್ಲೊಬ್ಬರು ಇಲ್ಲೊಬ್ಬರು ಒಪ್ಪಿದರು. ಕಾಕಾ ಮತ್ತೆ ಪೇಪರಿನ ಜೊತೆ ಜೋರಾಗಿ ಜಗಳವಾಡತೊಡಗಿದರು.

ಅದು ಹೆಚ್ಚು ದಿನ ನಡೆಯಲಿಲ್ಲ. ಬಾಗಿಲು ಮಾಡಿಸಿಕೊಂಡ ಒಂದು ಮನೆಯವರು ಚಿಲಕಕ್ಕೆ ಬೀಗ ಹಾಕದೆ ಯಲ್ಲಮ್ಮನ ಗುಡ್ಡಕ್ಕೆ ಹೋದರು. ಬರುವಷ್ಟರಲ್ಲಿ ಕಳ್ಳ ಅದೇ ಕಿಟಕಿಯಿಂದ ಇಳಿದು ಹೆಂಗಸರ ಬಂಗಾರವನ್ನೆಲ್ಲ ಒಯ್ದಿದ್ದ. ಮನೆಯಾತ ನೆಟ್ಟಗೆ ಕಾಕಾನ ಅಂಗಡಿಗೆ ಬಂದ. ಹಿಂದೆ ಮಂದಿ ನೆರೆಯಿತು.

"ಕಳ್ಳಗ ಬಾಗಲಾ ಮಾಡಿಕೊಟ್ಟಾವ ನೀನ."

"ಕೀಲಿ ಹಾಕಿದ್ರ್ಯಾ?" ಕಾಕಾ ಮೆಲ್ಲಗೆ ಕೇಳಿದರು.

"ಬಾಗಲಾನ ಇರದಿದ್ದರ ಕೀಲಿ ಮಾತು ಎಲ್ಲಿ ಬರತಿತ್ತು?"

ಕಾಕಾ "ಬಂಗಾರ ಒಯ್ದಾನ, ಜೀವ ಒಯ್ದಿಲ್ಲಲ್ಲ" ಎಂದುಬಿಟ್ಟರು. ಹೇಳಬಾರದ ಹೊತ್ತಿನಲ್ಲಿ ಹೇಳಿದ ಮಾತು. ಆತ ಕೈಯೆತ್ತಿದ, ನಾನೂ ಚಹಾದಂಗಡಿಯವರೂ ನಡುವೆ ಬಂದೆವು.

ಮರುವಾರದಿಂದ ಆ ಬಾಗಿಲುಗಳು ಮುಚ್ಚತೊಡಗಿದವು. ಕಾಕಾ ಮುಚ್ಚಿಕೊಡುವುದಿಲ್ಲ ಎಂದರು. ಜನ ಬೇರೆ ಅಂಗಡಿಯವರನ್ನು ಕರೆಸಿ ಬೆಸುಗೆ ಹಾಕಿಸಿದರು. ಕಾಕಾ ಓಣಿ ತಿರುಗಿ ಬಂದು, "ಇವತ್ತ ಮತ್ತೊಂದ ಮುಚ್ಚ್ಯಾರ" ಎಂದು ಹೇಳಿ ಕೂರುತ್ತಿದ್ದರು. ಪೇಪರು ಮಡಿಕೆ ಬಿಚ್ಚದೆ ಬಿದ್ದಿರುತ್ತಿತ್ತು. ನನಗೂ ತಡೆಯಲಾಗಲಿಲ್ಲ.

"ಬಿಡ್ರಿ ಕಾಕಾ. ನೀವು ಹೇಳೂದು ಹೇಳೀರಿ. ಮಂದಿ ಕೇಳದಿದ್ದರ ನಾವೇನ ಮಾಡಾಕ ಆಗತೈತಿ?"

"ತಪ್ಪು ನಂದ ಐತಿ ಯವ್ವಾ. ನಾ ಅದನ್ನ ಚಂದ ಮಾಡಲಿಲ್ಲ. ಬರೇ ಅಂಜಿಸಿದೆ. ಅಂಜಿಕಿ ಎಷ್ಟ ದಿನಾ ಇರತೈತಿ? ಚಂದ ಇದ್ದಿದ್ದರ ತಾವ ಇಟಕೋತಿದ್ದರು."

ಮತ್ತೆ ಖಡು ಹಿಡಿದರು. ಅರಳಿ ಎಲೆಯ ಚಿತ್ರ ಬರೆದರು. ಕಿಟಕಿಯ ನಡುವೆ ದೊಡ್ಡದೊಂದು ಎಲೆ. ಆ ಎಲೆಯೇ ಬಾಗಿಲು, ತೊಟ್ಟಿನಲ್ಲಿ ಚಿಲಕ. ಅಷ್ಟು ನವುರಾದ ಕೆಲಸವನ್ನು ಅವರು ಹಿಂದೆಂದೂ ಮಾಡಿರಲಿಲ್ಲ. ಮಾಡಿ ಅಂಗಡಿಯ ಮುಂದೆ ತೂಗುಹಾಕಿದರು. ಹಾದುಹೋಗುವವರು ನಿಂತು ನೋಡಿದರು, ಕೆಲವರು ಫೋಟೋ ತೆಗೆದುಕೊಂಡರು. ಯಾರೂ ಬೇಕೆನ್ನಲಿಲ್ಲ. ನಾನೇ ನನ್ನ ಮನೆಯ ಅಡುಗೆಮನೆಗೆ ಒಯ್ದೆ. ಕೂರಿಸಲು ಬಂದ ದಿನ ಕಾಕಾ ಆ ಎಲೆಯನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ನೋಡಿದರು. ನನ್ನ ಗಂಡನಿಗೆ, "ನೋಡಪಾ, ಇದನ್ನ ಮುಚ್ಚಿಸಿದಿ ಅಂದರ ನಿನ್ನ ಮನಿ ನೀರೂ ಮುಟ್ಟೂದಿಲ್ಲ" ಎಂದರು.

ಆ ಚಳಿಗಾಲದಲ್ಲಿ ಎದೆನೋವೆಂದು ಕೂತ ಕಾಕಾನನ್ನು ಧಾರವಾಡದ ಆಸ್ಪತ್ರೆಗೆ ಒಯ್ಯುತ್ತಿದ್ದಾಗ ಅವರು ದಾರಿಯಲ್ಲೇ ತೀರಿಹೋದರು. ಮಣ್ಣು ಮಾಡುವಾಗ ಊರಿನ ಮಂದಿ ಬಹಳ ಸೇರಿದ್ದರು. ಬಾಗಿಲು ಮುಚ್ಚಿಸಿದವರೂ ಬಂದಿದ್ದರು. ಒಳ್ಳೆಯ ಮನುಷ್ಯ, ಆದರೆ ಹಟ ಜಾಸ್ತಿ ಎಂದು ಅವರು ಮಾತಾಡಿಕೊಳ್ಳುವುದನ್ನು ಕೇಳಿ ನನಗೆ ಮೈ ಉರಿಯಿತು. ಅಳು ಬರಲಿಲ್ಲ, ಸಿಟ್ಟೇ ಬಂತು. ಅದು ಇಂದಿಗೂ ಇಳಿದಿಲ್ಲ. ಯಾರ ಮನೆಯ ವಾಸ್ತುಶಾಂತಿಗೆ ಹೋದರೂ ನಾನು ಮೊದಲು ಕಿಟಕಿ ನೋಡುತ್ತೇನೆ. ಬಾಗಿಲಿಲ್ಲದಿದ್ದರೆ ಹೇಳದೆ ಇರಲಾಗುವುದಿಲ್ಲ. ಊಟಕ್ಕೆ ಕರೆದವರಿಗೆ ಅದು ಹಿತವಾಗುವುದಿಲ್ಲ.

ಹೋದ ತಿಂಗಳು ದೊಡವಾಡದಲ್ಲಿ ನನ್ನ ಗಿರಾಕಿಯೊಬ್ಬಳ ಹೊಸ ಮನೆಗೆ ಹೋಗಿದ್ದೆ. ಅಡುಗೆಮನೆಯ ಕಿಟಕಿಯಲ್ಲಿ ಸಣ್ಣದೊಂದು ಬಾಗಿಲಿತ್ತು. ಒರಟು ಕೆಲಸ, ಬಾಗಿಲು ಹೊರಳುವ ತಿರುಗಣಿ ಸೊಟ್ಟ. ನನಗೆ ನಂಬಿಕೆಯಾಗಲಿಲ್ಲ.

"ಇದನ್ನ ಯಾರ ಹೇಳಿದರಂತ ಮಾಡಿಸಿದ್ರಿ?" ಎಂದೆ.

ಆಕೆ ನಕ್ಕಳು. "ನಿಮ್ಮ ಬೈಲಹೊಂಗಲದಾಗ ಒಬ್ಬ ಹುಚ್ಚ ಇದ್ನಂತಲ್ರಿ, ಮಂದಿ ಮನಿಗೆ ಹೋಗಿ ಕಿಟಕಿ ಕೊಯ್ತೇನಿ ಅಂತಿದ್ದನಂತ. ನಮ್ಮ ಅತ್ತಿ ಅದನ್ನ ಹೇಳಿ ಹೇಳಿ ನಗತಿದ್ದರು. ಮನಿ ಕಟ್ಟೂಮುಂದ ಅವರೇ ಹಟಾ ಹಿಡದು ಇದನ್ನ ಮಾಡಿಸಿದ್ರು ನೋಡ್ರಿ."

ಆ ಹುಚ್ಚ ಯಾರು, ಏನು ಎಂದು ಎಲ್ಲವನ್ನೂ ಹೇಳಿಬಿಡಬೇಕೆನಿಸಿತು. ಆಕೆ ಊಟದ ತಟ್ಟೆ ಹಿಡಿದು ಕಾಯುತ್ತಿದ್ದಳು.

"ಹೌದವಾ, ಇದ್ದರು," ಎಂದೆ. "ಈ ತಿರುಗಣಿಗೆ ಒಂದೀಟು ಎಣ್ಣಿ ಬಿಡು. ಜಗ್ಗಿದರ ಒಮ್ಮೆಲೆ ತಗೀಬೇಕದು."