ಸದಾಶಿವನಗರದಲ್ಲೊಂದು ಮೀನಿನ ಉಪವಾಸ

ಪುಣ್ಯಕ್ಷೇತ್ರದಲ್ಲಿದ್ದ ಒಬ್ಬ ಸಜ್ಜನರಿಗೆ ನಾನು ದಿನಕ್ಕೊಂದರಂತೆ ಎಂಟು ಸುಳ್ಳು ಹೇಳಿದ್ದೇನೆ. ಎಂಟೂ ಒಂದು ಮೀನಿನ ಊಟದ ವಿಚಾರದಲ್ಲಿ.

ಪಕ್ಕದ ಮನೆಯ ಬಶೀರ್ ಸಾಬರಿಗೆ ಮರಳೂರಿನಲ್ಲಿ ಗಾಜಿನ ಅಂಗಡಿ. ತಾವೇ ಗಾಜು ಕತ್ತರಿಸಿ ಅಂಟಿಸಿದ ತೊಟ್ಟಿಯಲ್ಲಿ ಒಂದು ಆಸ್ಕರ್ ಮೀನು ಸಾಕಿದ್ದಾರೆ. ಕಪ್ಪು ಮೈ, ಕೆಂಡದ ಬಣ್ಣದ ಮಚ್ಚೆ, ಅಪ್ಪಟ ಮಾಂಸಾಹಾರಿ. ಮನೆಮಂದಿಯೆಲ್ಲ ಹದಿನೈದು ದಿನ ಉಮ್ರಾ ಯಾತ್ರೆಗೆ ಹೊರಟಾಗ ತೊಟ್ಟಿ ನಮ್ಮ ಹಜಾರಕ್ಕೆ ಬಂತು. ಅವರು ಸಂಕೋಚದಿಂದಲೇ ಸೀಗಡಿಯ ಮಾತೆತ್ತಿದರು. ಮಾತು ಮುಗಿಯುವ ಮೊದಲೇ ನಾನು, ಊಟದ ಚಿಂತೆ ನನಗೆ ಬಿಡಿ ಎಂದುಬಿಟ್ಟೆ. ಮೇಷ್ಟರುಗಳಿಗೆ ಪೂರ್ತಿ ಕೇಳಿಸಿಕೊಳ್ಳುವ ಅಭ್ಯಾಸ ಕಡಿಮೆ.

ನಮ್ಮದು ಮೊಟ್ಟೆಯನ್ನೂ ಹೊಸಿಲು ದಾಟಿಸದ ಮನೆ. ಹದಿನೈದು ದಿನ ಸೊಪ್ಪುಸದೆ ತಿಂದರೆ ಮೀನಿಗೂ ಒಂದಿಷ್ಟು ಪುಣ್ಯ ಬಂದೀತೆಂದು ನನ್ನ ಲೆಕ್ಕಾಚಾರ. ಅಕ್ವೇರಿಯಂ ಅಂಗಡಿಗೆ ಹೋಗಿ ಪೊಟ್ಟಣಗಳನ್ನು ತಿರುಗಿಸಿ ತಿರುಗಿಸಿ ಹಸಿರು ಚುಕ್ಕೆ ಹುಡುಕಿದೆ. ಅಂಗಡಿಯವನು ಕರುಣೆಯಿಂದ ನೋಡಿ, ಪಾಚಿಯಿಂದ ಮಾಡಿದ ಕಾಳು ಕೊಟ್ಟ.

ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಹೇಳಿದವನು ನಾನು. ದೊರೆಯಿಲ್ಲದ ನಾಡಿನಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ, ಅದೇ ಮತ್ಸ್ಯನ್ಯಾಯ ಎಂದು ಬೋರ್ಡಿನ ಮೇಲೆ ಬರೆದದ್ದೇ ಬರೆದದ್ದು. ಪಾಚಿಯ ಕಾಳು ಕೊಟ್ಟರೆ ದೊಡ್ಡ ಮೀನು ಏನು ಮಾಡುತ್ತದೆಂಬುದು ಸಿಲಬಸ್ಸಿನಲ್ಲಿರಲಿಲ್ಲ. ಬಾಯಿಗೆ ಹಾಕಿಕೊಂಡು, ನಮ್ಮ ಮುಖ ನೋಡಿ, ಥೂ ಎಂದು ಉಗಿಯುತ್ತದೆ. ಬಟಾಣಿ ಬೇಯಿಸಿ ಸಿಪ್ಪೆ ಸುಲಿದು ಹಾಕಿದೆ. ಅದಕ್ಕೂ ಥೂ. ರಾಗಿಮುದ್ದೆಯನ್ನು ಕಾಳಿನಷ್ಟು ಉಂಡೆ ಕಟ್ಟಿ ಬಿಟ್ಟೆ. ನೀರು ಕೆಟ್ಟಿತು, ಆ ನೀರು ಬದಲಾಯಿಸುವುದರಲ್ಲಿ ನನ್ನ ಸೊಂಟವೂ ಕೆಟ್ಟಿತು.

ದಿನಾ ಸಂಜೆ ಮೆಕ್ಕಾದಿಂದ ವಿಡಿಯೋ ಕಾಲ್. "ತಿಂತಾ ಅವ್ನಾ ಮೇಷ್ಟ್ರೇ?" ಎಂದು ಸಾಬರು ಕೇಳುವುದು, ಹೊಟ್ಟೆ ತುಂಬ ತಿನ್ನುತ್ತಿದ್ದಾನೆ ಎಂದು ನಾನು ತೊಟ್ಟಿಯನ್ನು ದೂರದಿಂದ ತೋರಿಸುವುದು. ಒಂದು ದಿನ, ನನ್ನ ಮಂಡಿನೋವಿಗೂ ದುವಾ ಮಾಡಿದ್ದೇನೆ ಎಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎಂಟನೆಯ ದಿನ ಮೀನು ತಳದಲ್ಲಿ ಪಕ್ಕಕ್ಕೆ ವಾಲಿ ಮಲಗಿಬಿಟ್ಟಿತು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ನನಗೆ ನಿಜವಾಗಿ ಭಯವಾಯಿತು. ಇಪ್ಪತ್ತು ವರ್ಷದ ಸ್ನೇಹ; ಇದು ಸತ್ತರೆ ವಾಪಸು ಬಾಗಿಲಿಗೆ ಬರುವ ಆ ಮನುಷ್ಯನಿಗೆ ಯಾವ ಮುಖ ತೋರಿಸಲಿ? ಅವತ್ತೂ ಫೋನಿನಲ್ಲಿ ಸುಳ್ಳು ಹೇಳಿ ಕೂತೆ.

ಅಷ್ಟು ದಿನ ಸುಮ್ಮನೆ ನೋಡುತ್ತಿದ್ದ ನನ್ನ ಹೆಂಡತಿ ಗಿರಿಜ ಆಗ ಬಾಯಿ ಬಿಟ್ಟಳು. "ಮನೆಗೆ ಬಂದಿರೋರ್ನ ಉಪವಾಸ ಕೆಡವಿ ಯಾವ್ ಪುಣ್ಯ ಕಟ್ಕೋತೀರ ರೀ ನೀವು?"

ಹಳೇ ಸೌಟು ಹಿಡಿದು ಹಿತ್ತಲಿಗೆ ಹೋದಳು. ತೆಂಗಿನಮರದ ಪಾತಿ ಕೆದಕಿ, ಚಿಪ್ಪಿನ ತುಂಬ ಎರೆಹುಳು ಹೆಕ್ಕಿ, ಸೊಪ್ಪು ತೊಳೆದಂತೆ ಮೂರು ನೀರಿನಲ್ಲಿ ತೊಳೆದು ತಂದಳು. ಒಂದನ್ನು ನೀರಿಗೆ ಬಿಟ್ಟಳು. ಮಲಗಿದ್ದ ಮೀನು ಎದ್ದದ್ದು ಕಂಡಿತು, ಹುಳು ಹೋದದ್ದು ಕಾಣಲಿಲ್ಲ. ನಾಲ್ಕು ತಿನ್ನಿಸಿ, ತಲೆಗೆ ಸ್ನಾನ ಮಾಡಿ, ಹೋಗಿ ದೇವರಿಗೆ ದೀಪ ಹಚ್ಚಿದಳು. ಮರುದಿನದಿಂದ ದಿನಾ ಬೆಳಿಗ್ಗೆ ಇದೇ ಕ್ರಮ: ಮೊದಲು ಹುಳು, ಆಮೇಲೆ ಸ್ನಾನ, ಆಮೇಲೆ ಪೂಜೆ.

ಸಾಬರು ಬರುವ ಹೊತ್ತಿಗೆ ಮೀನು ದುಂಡಗಾಗಿತ್ತು. ಖರ್ಜೂರ ಕೈಯಲ್ಲಿಟ್ಟಾಗ ನನಗೆ ತಡೆಯಲಾಗಲಿಲ್ಲ. ಎಂಟೂ ಸುಳ್ಳನ್ನು ಒಪ್ಪಿಕೊಂಡೆ.

"ಗೊತ್ತಿತ್ತು ಬಿಡಿ ಮೇಷ್ಟ್ರೇ. ಫೋನಲ್ಲಿ ಅವನ ಹೊಟ್ಟೆ ಕಾಣ್ತಿರ್ಲಿಲ್ವಾ?" ಎಂದರು.

ಮತ್ತೆ ಯಾಕೆ ಒಂದು ಮಾತೂ ಬೈಯಲಿಲ್ಲ ಎಂದೆ.

"ಅಕ್ಕ ಇರೋ ಮನೇಲಿ ಎಷ್ಟ್ ದಿನಾಂತ ಹಸ್ಕೊಂಡಿರ್ತಾನೆ, ಅಂತ ಧೈರ್ಯವಾಗಿದ್ದೆ."

ಅಂದರೆ ಅವರು ಮೀನನ್ನು ಒಪ್ಪಿಸಿ ಹೋದದ್ದು ಗಿರಿಜಳಿಗೆ. ನಾನು ತೊಟ್ಟಿಯ ಒಂದು ತುದಿ ಹಿಡಿದು ಒಳಗೆ ತಂದವನು, ಅಷ್ಟೆ.